ವೃದ್ಧರಿಗೆ ನ್ಯಾಯಸ್ಥಾನದ ಹಾದಿ: ಧರ್ಮಶಾಸ್ತ್ರಗಳಿಂದ ಇಂದಿನ ನ್ಯಾಯಮಂಡಳಿಗಳ ವರೆಗೆ

ವೃದ್ಧರಾದ ತಾಯಿತಂದೆಗಳನ್ನು ಸಾಕಿ ಸಲಹುವುದು ಮಕ್ಕಳ ಕರ್ತವ್ಯವೆಂಬ ಮಾತು ನಮ್ಮ ದೇಶದಲ್ಲಿ ಎಷ್ಟು ಪುರಾತನವೋ ಅಷ್ಟೇ ಸರ್ವಸಮ್ಮತವೂ ಆದುದು. ಈ ಕರ್ತವ್ಯದ ಸ್ವರೂಪವನ್ನು ಕುರಿತು ಧರ್ಮಶಾಸ್ತ್ರಜ್ಞರೂ ನ್ಯಾಯವೇತ್ತರೂ ಸಾಕಷ್ಟು ಬರೆದಿದ್ದಾರೆ. ಆದರೆ ಕರ್ತವ್ಯವು ನೆರವೇರದೆ ಹೋದಾಗ ಎಪ್ಪತ್ತು ವರ್ಷದ ಮುದುಕನೋ ಮುದುಕಿಯೋ ಯಾರ ಬಾಗಿಲಿಗೆ ಹೋಗಬೇಕು, ಅಲ್ಲಿಗೆ ಎಷ್ಟು ದೂರ ನಡೆಯಬೇಕು, ಎಷ್ಟು ದಿನ ಕಾಯಬೇಕು, ತನ್ನ ಪರವಾಗಿ ಇನ್ನೊಬ್ಬರು ಮಾತನಾಡಬಹುದೆ ಎಂಬ ಪ್ರಶ್ನೆಗಳ ಚರಿತ್ರೆ ಬೇರೆಯೇ ಒಂದು. ಮೊದಲನೆಯದನ್ನು ಹಕ್ಕಿನ ಚರಿತ್ರೆಯೆಂದೂ ಎರಡನೆಯದನ್ನು ಹಾದಿಯ ಚರಿತ್ರೆಯೆಂದೂ ಕರೆಯೋಣ. ಪ್ರಸ್ತುತ ಲೇಖನವು ಎರಡನೆಯದಕ್ಕೆ ಸಂಬಂಧಿಸಿದುದು.

ಈ ಎರಡೂ ಒಟ್ಟೊಟ್ಟಿಗೆ ಬೆಳೆದು ಬಂದಿಲ್ಲ. ಹಕ್ಕು ಪುಸ್ತಕದಲ್ಲಿ ಸ್ಪಷ್ಟವಾಗಿದ್ದ ಕಾಲದಲ್ಲಿ ಹಾದಿ ಮುಚ್ಚಿಹೋಗಿದ್ದುದುಂಟು. ಪ್ರಾಚೀನ ವ್ಯವಹಾರಗ್ರಂಥಗಳು ವೃದ್ಧನ ದೇಹದೌರ್ಬಲ್ಯವನ್ನು ಗಮನಿಸಿ ಕೆಲವು ನಿಯಮಗಳನ್ನು ಮಾಡಿದುವು. ಹತ್ತೊಂಬತ್ತನೆಯ ಮತ್ತು ಇಪ್ಪತ್ತನೆಯ ಶತಮಾನಗಳ ಸಂಹಿತೆಗಳು ಆ ಗಮನವನ್ನು ಬಹುಮಟ್ಟಿಗೆ ಕಳೆದುಕೊಂಡುವು. ಕಳೆದ ಐವತ್ತು ವರ್ಷಗಳಲ್ಲಿ ನಾವು ಅದನ್ನು ತುಂಡುತುಂಡಾಗಿ ಮತ್ತೆ ಪಡೆಯುತ್ತಿದ್ದೇವೆ. ಇದು ಪ್ರಾಚೀನರೆಲ್ಲ ಉತ್ತಮರು, ಆಧುನಿಕರೆಲ್ಲ ಕನಿಷ್ಠರು ಎಂಬ ಸುಲಭವಾದ ತೀರ್ಮಾನಕ್ಕೆ ದಾರಿಯಾಗಬಾರದು. ಹಳೆಯ ಗ್ರಂಥಗಳು ವಿಧಿಗಳನ್ನು ಹೇಳುತ್ತವೆ, ವಿಧಿಗಳು ಹೇಗೆ ನಡೆದುವೆಂಬುದನ್ನು ಹೇಳುವುದಿಲ್ಲ. ಈ ಎಚ್ಚರವನ್ನು ಇಟ್ಟುಕೊಂಡೇ ಮುಂದುವರಿಯಬೇಕು.

ಈ ವಿಷಯದಲ್ಲಿ ಕಾಲವು ಒಂದಿಷ್ಟು ಖಚಿತವಾಗಿ ತಿಳಿದಿರುವ ಮೊದಲ ದಾಖಲೆ ಅಶೋಕನದು. ಅವನ ಐದನೆಯ ಬಂಡೆಗಲ್ಲು ಶಾಸನ, ತಾನು ಪಟ್ಟಾಭಿಷಿಕ್ತನಾದ ಹದಿಮೂರು ವರ್ಷಗಳ ಮೇಲೆ ಧರ್ಮಮಹಾಮಾತ್ರರನ್ನು ನೇಮಿಸಿದುದನ್ನು ತಿಳಿಸುತ್ತದೆ. ಸೆರೆಯಲ್ಲಿರುವವರ ವಿಚಾರಣೆಯೂ ಅವರ ಕೆಲಸಗಳಲ್ಲಿ ಒಂದು. ಸೆರೆಯಾಳಿಗೆ ಮಕ್ಕಳುಮರಿಗಳಿವೆಯೇ, ಅವನು ಸಂಕಟಕ್ಕೆ ಸಿಕ್ಕಿದವನೇ, ವೃದ್ಧನೇ ಎಂಬುದನ್ನು ನೋಡಿ ಅವನ ಬಿಡುಗಡೆಗೆ ಅವರು ಪ್ರಯತ್ನಿಸಬೇಕಾಗಿತ್ತು. ನಮ್ಮ ಬಳ್ಳಾರಿಯ ಗಡಿಗೆ ಬಹು ದೂರವಲ್ಲದ ಎರ್ರಗುಡಿಯ ಬಂಡೆಗಳ ಮೇಲೆಯೂ ಈ ಶಾಸನವನ್ನು ಕಾಣಬಹುದು. ವಯಸ್ಸೆಂಬುದು ರಾಜಾಧಿಕಾರಿಯು ತಾನಾಗಿ ವಿಚಾರಿಸಿ ತಿಳಿಯಬೇಕಾದ ಸಂಗತಿಯೆಂಬುದು ಇಲ್ಲಿಯ ಮುಖ್ಯಾಂಶ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದೇ ಭಾವನೆ ನ್ಯಾಯಾಡಳಿತದ ನಿಯಮವಾಗಿ ಬರುತ್ತದೆ. ಮೈಸೂರಿನ ಸರ್ಕಾರಿ ಪ್ರಾಚ್ಯಕೋಶಾಗಾರದಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಈ ಗ್ರಂಥವನ್ನು ಪ್ರಕಟಿಸಿದುದು ಸರ್ವವೇದ್ಯ. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ನಮ್ಮ ಉದ್ದೇಶಕ್ಕೆ ಆ ಚರ್ಚೆ ಬೇಕಾಗಿಯೂ ಇಲ್ಲ. ಶಕ್ತನಾಗಿದ್ದೂ ಮಡದಿಮಕ್ಕಳನ್ನು, ತಾಯಿತಂದೆಗಳನ್ನು, ಪ್ರಾಪ್ತವಯಸ್ಕರಾಗದ ತಮ್ಮಂದಿರನ್ನು, ಅವಿವಾಹಿತೆಯರೋ ವಿಧವೆಯರೋ ಆದ ಸೋದರಿಯರನ್ನು ಸಾಕದವನಿಗೆ ಹನ್ನೆರಡು ಪಣಗಳ ದಂಡವನ್ನು ಕೌಟಿಲ್ಯನು ವಿಧಿಸುತ್ತಾನೆ. ಪತಿತರಾದವರನ್ನು ಸಾಕಬೇಕಾದುದಿಲ್ಲ, ಆದರೆ ತಾಯಿಯು ಪತಿತೆಯಾದರೂ ಸಾಕಲೇಬೇಕೆಂಬ ವಿನಾಯಿತಿ ಸ್ವಾರಸ್ಯಕರವಾದುದು. ಇದು ಹಕ್ಕಿನ ಮಾತು. ಹಾದಿಯ ಮಾತು ಮೂರನೆಯ ಅಧಿಕರಣದ ಕೊನೆಯಲ್ಲಿದೆ. ದೇವತಾಕಾರ್ಯಗಳು, ಬ್ರಾಹ್ಮಣರು, ತಪಸ್ವಿಗಳು, ಸ್ತ್ರೀಯರು, ಬಾಲಕರು, ವೃದ್ಧರು, ರೋಗಿಗಳು ಇವರ ಪೈಕಿ ಅನಾಥರಾಗಿ ಧರ್ಮಸ್ಥರ ಬಳಿಗೆ ಬರಲಾರದವರ ವ್ಯವಹಾರಗಳನ್ನು ಧರ್ಮಸ್ಥರು ತಾವೇ ಕೈಗೊಳ್ಳಬೇಕೆಂದೂ, ಸ್ಥಳ, ಕಾಲ, ಅನುಭೋಗಗಳ ನೆಪವೊಡ್ಡಿ ಅವನ್ನು ತಳ್ಳಿಹಾಕಕೂಡದೆಂದೂ ಅಲ್ಲಿ ವಿಧಿಯಿದೆ. ರಾಜನು ಪ್ರಜೆಗಳ ಕಾರ್ಯಗಳನ್ನು ನೋಡುವ ಅನುಕ್ರಮದಲ್ಲಿಯೂ ಬಾಲಕರು, ವೃದ್ಧರು, ರೋಗಿಗಳು, ಅನಾಥರು ಇವರಿಗೆ ಸ್ಥಾನವನ್ನು ಗೊತ್ತುಮಾಡಿದೆ. ಕಾರ್ಯದ ಗೌರವ ಮತ್ತು ತುರ್ತಿಗೆ ತಕ್ಕಂತೆ ಈ ಕ್ರಮವನ್ನು ಬದಲಾಯಿಸಬಹುದೆಂದೂ ಹೇಳಿದೆ.

ಈ ವಿಧಿ ಎಷ್ಟು ಅಸಾಮಾನ್ಯವಾದುದೆಂಬುದು ಮನುಸ್ಮೃತಿಯೊಡನೆ ಹೋಲಿಸಿದಾಗ ತಿಳಿಯುತ್ತದೆ. ರಾಜನಾಗಲಿ ರಾಜಪುರುಷನಾಗಲಿ ತಾನಾಗಿ ವ್ಯಾಜ್ಯವನ್ನು ಹುಟ್ಟಿಸಬಾರದೆಂಬುದು ಮನುವಿನ ಮತ. ಯಾಜ್ಞವಲ್ಕ್ಯನಲ್ಲಿಯೂ, ಅನ್ಯಾಯಕ್ಕೊಳಗಾದವನು ಬಂದು ರಾಜನಿಗೆ ನಿವೇದಿಸಿಕೊಂಡಾಗ ಮಾತ್ರ ವ್ಯವಹಾರಪದವು ಏರ್ಪಡುತ್ತದೆ. ಅಧಿಕಾರಿಗಳು ಇಲ್ಲದ ವ್ಯಾಜ್ಯಗಳನ್ನು ಎಬ್ಬಿಸಿ ಪ್ರಜೆಗಳನ್ನು ಸುಲಿಯಬಾರದೆಂಬ ವಿವೇಕ ಇದರ ಹಿಂದೆ ಇದ್ದಿರಬೇಕು. ಈ ಸಾಮಾನ್ಯ ನಿಯಮಕ್ಕೆ ಕೌಟಿಲ್ಯನು ದುರ್ಬಲರಿಗಾಗಿ ಒಂದು ಬಾಗಿಲನ್ನು ತೆರೆದಿಟ್ಟನು. ಆ ಬಾಗಿಲು ಮುಂದೆ ಎಲ್ಲಿ ಮತ್ತೆ ಕಾಣಿಸಿಕೊಂಡಿತೆಂಬುದನ್ನು ಕೊನೆಯಲ್ಲಿ ನೋಡೋಣ.

ಹಾದಿಯ ಚರಿತ್ರೆಗೆ ಅತ್ಯಂತ ಸಮೃದ್ಧವಾದ ಆಕರ ನಮ್ಮ ಕನ್ನಡನಾಡಿನಲ್ಲಿಯೇ ರಚಿತವಾದುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ಎಂದರೆ ಕ್ರಿ.ಶ. 1076 ಮತ್ತು 1126ರ ನಡುವೆ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರವೆಂಬ ವ್ಯಾಖ್ಯಾನವೇ ಅದು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಮಿತಾಕ್ಷರವೆಂದೊಡನೆ ದಾಯಭಾಗದ ಚರ್ಚೆಯೇ ನಮ್ಮ ವಿದ್ಯಾರ್ಥಿಗಳ ನೆನಪಿಗೆ ಬರುತ್ತದೆ. ಬ್ರಿಟಿಷ್ ನ್ಯಾಯಾಲಯಗಳಿಗೆ ಬೇಕಾಗಿದ್ದುದು ಆ ಭಾಗವೇ ಆದುದರಿಂದ ಗ್ರಂಥದ ಉಳಿದ ಭಾಗಗಳಿಗೆ ಆ ಪ್ರಸಿದ್ಧಿ ಬರಲಿಲ್ಲ. ನ್ಯಾಯಸಭೆಯ ಕಾರ್ಯಕ್ರಮವನ್ನು ಹೇಳುವ ವ್ಯವಹಾರಾಧ್ಯಾಯದ ಮೊದಲ ಪ್ರಕರಣಗಳು ಹೀಗೆ ಮರೆಗೆ ಬಿದ್ದುವು.

ಪ್ರತಿವಾದಿಯನ್ನು ಕರೆಸುವ ಸಂದರ್ಭದಲ್ಲಿ ವಿಜ್ಞಾನೇಶ್ವರನು ಸ್ಮೃತಿವಚನಗಳನ್ನು ಉದ್ಧರಿಸಿ, ಯಾರನ್ನು ಕರೆಸಬಾರದೆಂಬುದನ್ನು ವಿವರಿಸುತ್ತಾನೆ. ರೋಗಿ, ಬಾಲಕ, ವೃದ್ಧ, ಕಷ್ಟದಲ್ಲಿ ಸಿಲುಕಿದವನು, ಕರ್ಮಾಚರಣೆಯಲ್ಲಿ ತೊಡಗಿದವನು, ರಾಜಕಾರ್ಯದಲ್ಲೋ ಉತ್ಸವದಲ್ಲೋ ಮಗ್ನನಾದವನು ಮೊದಲಾದವರು ಈ ಪಟ್ಟಿಯಲ್ಲಿದ್ದಾರೆ. ಪಟ್ಟಿಯು ಇಲ್ಲಿಗೇ ನಿಂತಿದ್ದರೆ ಅದೊಂದು ಸಾಮಾನ್ಯವಾದ ಕರುಣೆಯ ಮಾತಾಗುತ್ತಿತ್ತು. ಇದರ ಬೆನ್ನಿಗೇ ಬರುವ ವಿಧಿ ಹೆಚ್ಚು ಮಹತ್ತ್ವದ್ದು. ದೇಶಕಾಲಗಳನ್ನೂ ವ್ಯಾಜ್ಯದ ಬಲಾಬಲಗಳನ್ನೂ ಅರಿತು, ಅವಶ್ಯವೆನಿಸಿದರೆ ಅಂಥ ಅಶಕ್ತರನ್ನೂ ಮೆಲ್ಲಮೆಲ್ಲನೆ, ವಾಹನಗಳ ಮೂಲಕ ರಾಜನು ಕರೆಸಬಹುದು. ವಿನಾಯಿತಿ ಕೊಡುವುದು ಸುಲಭ; ಆದರೆ ವಿನಾಯಿತಿಯಿಂದಲೇ ನ್ಯಾಯ ಕೆಡುವುದೂ ಉಂಟು. ವೃದ್ಧನು ಬರಲಾರನೆಂದು ಬಿಟ್ಟುಬಿಟ್ಟರೆ ಅವನ ಎದುರಾಳಿಗೆ ಅನ್ಯಾಯವಾದೀತು, ಅಥವಾ ಅವನ ಮಾತೇ ಸಭೆಗೆ ತಲಪದೆ ಹೋದೀತು. ಆದುದರಿಂದ ಬರಲಾರದವನನ್ನು ಬರುವಂತೆ ಮಾಡುವ ಹೊಣೆ ಕರೆಸುವವನದು. ಪಲ್ಲಕ್ಕಿಯೋ ಬಂಡಿಯೋ, ಯಾವ ವಾಹನವೆಂದು ಗ್ರಂಥವು ಹೇಳುವುದಿಲ್ಲ. ವೃದ್ಧರ ಕುರಿತಾದ ಇಂದಿನ ಎಷ್ಟೋ ಸಮಿತಿಗಳ ಶಿಫಾರಸುಗಳಿಗಿಂತ ಈ ಒಂದು ವಾಕ್ಯದಲ್ಲಿ ಕಾರ್ಯದೃಷ್ಟಿ ಹೆಚ್ಚಾಗಿದೆಯೆಂದು ನನಗೆ ತೋರುತ್ತದೆ.

ತಾನೇ ಬರಲಾಗದವನು ಪ್ರತಿನಿಧಿಯನ್ನು ಕಳುಹಿಸಬಹುದೆಂಬುದು ನಾರದನ ಮತ. ಯಾರಿಗಾಗಿ ವಾದಿಸಿದನೋ ಅವನಿಗೇ ಜಯಾಪಜಯಗಳು ಸೇರುತ್ತವೆ.

ಸಾಕ್ಷಿಗಳ ವಿಷಯಕ್ಕೆ ಬಂದರೆ ಚಿತ್ರವು ಇಷ್ಟು ಹಿತವಾಗಿಲ್ಲ. ಯಾಜ್ಞವಲ್ಕ್ಯನು ಸಾಕ್ಷಿಗಳಾಗಲು ಅರ್ಹರಲ್ಲದವರ ಪಟ್ಟಿಯಲ್ಲಿ ಸ್ತ್ರೀಯರು, ಬಾಲಕರು, ಜೂಜುಕೋರರು, ಕುಡುಕರು, ಹುಚ್ಚರು ಇವರ ಸಾಲಿನಲ್ಲಿಯೇ ವೃದ್ಧರನ್ನೂ ಸೇರಿಸಿದ್ದಾನೆ. ಇಲ್ಲಿ ವೃದ್ಧನೆಂದರೆ ಎಂಬತ್ತು ವರ್ಷ ತುಂಬಿದವನೆಂದು ವಿಜ್ಞಾನೇಶ್ವರನು ಅರ್ಥ ಹೇಳುತ್ತಾನೆ. ಕಳವು, ಹಿಂಸೆ, ಸಾಹಸ ಮೊದಲಾದ ಪ್ರಕರಣಗಳಲ್ಲಿ ಮಾತ್ರ ಎಲ್ಲರೂ ಸಾಕ್ಷಿಗಳಾಗಬಹುದು. ಆದರೆ ಇದೇ ಯಾಜ್ಞವಲ್ಕ್ಯನು ಗಡಿವ್ಯಾಜ್ಯಗಳಲ್ಲಿ ಸುತ್ತಲಿನ ಸಾಮಂತರೊಡನೆ ಊರಿನ ಮುದುಕರನ್ನು, ದನಗಾಹಿಗಳನ್ನು, ಗಡಿಯ ಹೊಲಗಳನ್ನು ಉಳುವವರನ್ನು ಕೇಳಿ ತೀರ್ಮಾನಿಸಬೇಕೆನ್ನುತ್ತಾನೆ. ಹಳೆಯ ಹುಣಿಸೆಮರ ಎಲ್ಲಿತ್ತು, ಹಳ್ಳವು ಮೊದಲು ಯಾವ ಕಡೆ ಹರಿಯುತ್ತಿತ್ತು ಎಂಬುದನ್ನು ಮುದುಕರಲ್ಲದೆ ಮತ್ತಾರು ಹೇಳಬಲ್ಲರು? ಎರಡು ವಿಧಿಗಳಿಗೂ ವಿರೋಧವಿದೆಯೆಂದು ತೋರಿದರೂ ಒಂದು ಸಮಾನ ತತ್ತ್ವವನ್ನು ಊಹಿಸಬಹುದು: ಇತ್ತೀಚೆಗೆ ನಡೆದುದರ ಬಗ್ಗೆ ಅತಿವೃದ್ಧನ ನೆನಪನ್ನು ನಂಬಲಾಗದು, ಬಹುಕಾಲದ ಹಿಂದಿನದರ ಬಗ್ಗೆ ಅವನಷ್ಟು ನಂಬತಕ್ಕವನು ಮತ್ತೊಬ್ಬನಿಲ್ಲ.

ಇನ್ನೊಂದು ಪ್ರಕರಣವನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಇಂದಿನ ವ್ಯಾಜ್ಯಗಳಿಗೆ ಅದು ನೇರವಾಗಿ ಸಂಬಂಧಿಸಿದೆ. ಕುಟುಂಬದ ಪೋಷಣೆಗೆ ಬಾಧೆಯಾಗದಂತೆ ಮಾತ್ರ ಒಬ್ಬನು ತನ್ನ ಸ್ವತ್ತನ್ನು ದಾನಮಾಡಬಹುದೆಂದು ಯಾಜ್ಞವಲ್ಕ್ಯನು ವಿಧಿಸುತ್ತಾನೆ. ಇದನ್ನು ವ್ಯಾಖ್ಯಾನಿಸುತ್ತ ವಿಜ್ಞಾನೇಶ್ವರನು, ವೃದ್ಧರಾದ ತಾಯಿತಂದೆಗಳನ್ನೂ ಸಾಧ್ವಿಯಾದ ಪತ್ನಿಯನ್ನೂ ಶಿಶುವನ್ನೂ ನೂರು ಅಕಾರ್ಯಗಳನ್ನು ಮಾಡಿಯಾದರೂ ಸಾಕಬೇಕೆಂಬ, ಮನುವಿನದೆಂದು ಹೇಳಲಾದ ಪ್ರಸಿದ್ಧವಚನವನ್ನು ಆಧಾರವಾಗಿ ತರುತ್ತಾನೆ. ಸಾಕುವ ಹೊಣೆಯ ಈ ವಚನ ದಾನದ ಪ್ರಕರಣದಲ್ಲಿ ಬಂದಿರುವುದು ಆಕಸ್ಮಿಕವಲ್ಲ. ವೃದ್ಧರ ಪೋಷಣೆಯ ಪ್ರಶ್ನೆ ಆಸ್ತಿಯ ಹಸ್ತಾಂತರದ ಪ್ರಶ್ನೆಯಿಂದ ಬೇರೆಯಲ್ಲವೆಂಬುದು ಹನ್ನೊಂದು, ಹನ್ನೆರಡನೆಯ ಶತಮಾನಗಳ ಕಲ್ಯಾಣದ ಪಂಡಿತನಿಗೆ ಚೆನ್ನಾಗಿ ತಿಳಿದಿತ್ತು.

ಇನ್ನು ಬ್ರಿಟಿಷರ ಕಾಲ. ಊರಿನ ಹಿರಿಯರು ಕಟ್ಟೆಯ ಮೇಲೆ ಕುಳಿತು ನ್ಯಾಯ ತೀರಿಸುತ್ತಿದ್ದ ಪದ್ಧತಿಯಲ್ಲಿ ವೃದ್ಧನ ಸ್ಥಾನ ಪ್ರಾಯಶಃ ನ್ಯಾಯಾಧೀಶನದು. ಹೊಸ ಪದ್ಧತಿಯಲ್ಲಿ ಅವನು ಅರ್ಜಿದಾರನಾದನು. ನ್ಯಾಯಸ್ಥಾನವು ಜಿಲ್ಲೆಯ ಮುಖ್ಯಸ್ಥಳಕ್ಕೆ ಸರಿಯಿತು. ಮದರಾಸು ಆಧಿಪತ್ಯದಲ್ಲಿ ತಾಮಸ್ ಮನ್ರೋವಿನ ಪ್ರಯತ್ನದಿಂದ 1816ರಲ್ಲಿ ಬಂದ ನಿಬಂಧನೆಗಳು ಗ್ರಾಮ ಮುನಸೀಫರಿಗೂ ಪಂಚಾಯತಿಗಳಿಗೂ ಸಣ್ಣ ವ್ಯಾಜ್ಯಗಳನ್ನು ಒಪ್ಪಿಸಿದುವು. ಆಗ ಮದರಾಸಿಗೆ ಸೇರಿದ್ದ ಬಳ್ಳಾರಿ ಮತ್ತು ಕನ್ನಡ ಜಿಲ್ಲೆಗಳಿಗೂ ಇವು ಅನ್ವಯಿಸಿದುವು. ಆದರೆ ವಕೀಲರು, ಲಿಖಿತ ಅರ್ಜಿಗಳು, ಮುದ್ರೆಕಾಗದ ಇವುಗಳಿಂದ ಕೂಡಿದ ನ್ಯಾಯಾಲಯವೇ ಕೊನೆಗೆ ಪ್ರಧಾನವಾಯಿತು.

ಸಂಹಿತೆಗಳಲ್ಲಿ ವಾರ್ಧಕ್ಯದ ಪ್ರಸ್ತಾಪವು ಇಲ್ಲವೆಂದಲ್ಲ. 1872ರ ಸಾಕ್ಷ್ಯ ಅಧಿನಿಯಮದ 118ನೆಯ ಪ್ರಕರಣವು ಎಲ್ಲರನ್ನೂ ಸಾಕ್ಷಿಗಳಾಗಲು ಅರ್ಹರೆಂದು ಭಾವಿಸಿ, ಎಳೆವಯಸ್ಸು, ಅತಿ ಮುಪ್ಪು, ರೋಗ ಮುಂತಾದುವುಗಳಿಂದ ಪ್ರಶ್ನೆಯನ್ನು ಗ್ರಹಿಸಿ ಉತ್ತರಿಸಲಾರದವರನ್ನು ಮಾತ್ರ ಹೊರಗಿಟ್ಟಿತು. ಎಂಬತ್ತೆಂಬ ಅಂಕೆಯು ಹೋಗಿ ನ್ಯಾಯಾಧೀಶನ ಪರೀಕ್ಷೆ ಬಂದಿತು. ಇದು ನಿಸ್ಸಂದೇಹವಾಗಿ ಮುನ್ನಡೆ. ಅದೇ ವರ್ಷದ ಕರಾರು ಅಧಿನಿಯಮವು, ವಯಸ್ಸಿನಿಂದಲೋ ರೋಗದಿಂದಲೋ ಬುದ್ಧಿಶಕ್ತಿ ಕುಂದಿದವನೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಅನುಚಿತ ಪ್ರಭಾವದ ಸಂಶಯವನ್ನು ಒಪ್ಪಿಕೊಂಡಿತು. ಆದರೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ ಪ್ರಕಾರ, ಒಮ್ಮೆ ಪೂರ್ಣವಾದ ದಾನವನ್ನು ದಾನಿಯು ತನ್ನ ಇಚ್ಛೆಯಂತೆ ಹಿಂತೆಗೆದುಕೊಳ್ಳುವಂತಿಲ್ಲ. ಮಗನಿಗೆ ಮನೆಯನ್ನು ಬರೆದುಕೊಟ್ಟ ತಂದೆ ಆ ಮನೆಯ ಜಗಲಿಯ ಮೇಲೆ ಉಳಿದರೂ ಅವನಿಗೆ ಸಿವಿಲ್ ದಾವೆಯೊಂದೇ ಗತಿಯಾಯಿತು.

ನ್ಯಾಯಾಲಯಕ್ಕೆ ಬರುವುದರಿಂದ ಯಾರಿಗೆ ವಿನಾಯಿತಿ ಎಂಬುದನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ನೋಡಿದರೆ ಆ ಕಾಲದ ಮನೋಧರ್ಮ ಸ್ಪಷ್ಟವಾಗುತ್ತದೆ. 132ನೆಯ ಪ್ರಕರಣದಲ್ಲಿ ಗೋಷಾ ಸ್ತ್ರೀಯರಿಗೆ ವಿನಾಯಿತಿ. 133ನೆಯದರಲ್ಲಿ, ಮೂಲರೂಪದಲ್ಲಿ, ಸರ್ಕಾರವು ಯಾರ ಅಂತಸ್ತನ್ನು ಮನ್ನಿಸಿತೋ ಅವರಿಗೆ ವಿನಾಯಿತಿ. ಜಮೀನುದಾರನು ಬರಬೇಕಾಗಿಲ್ಲ, ಅವನ ವೃದ್ಧ ಗೇಣಿದಾರನು ಬರಬೇಕು! ಸ್ವಾತಂತ್ರ್ಯಾನಂತರ, 1956ರ ತಿದ್ದುಪಡಿಯಲ್ಲಿ, ಅಂತಸ್ತಿನ ಬದಲು ರಾಷ್ಟ್ರಪತಿಯೇ ಮೊದಲಾದ ಪದವಿಗಳ ಪಟ್ಟಿ ಬಂದಿತೇ ಹೊರತು ಮುಪ್ಪಿಗೆ ಅಲ್ಲಿಯೂ ಸ್ಥಾನ ದೊರೆಯಲಿಲ್ಲ. ಮುದುಕರಿಗೆ ದೊರೆತುದು ಸಂಹಿತೆಯ 26ನೆಯ ಆದೇಶ: ರೋಗದಿಂದಲೋ ಅಶಕ್ತತೆಯಿಂದಲೋ ಬರಲಾರದವರ ಹೇಳಿಕೆಯನ್ನು ಕಮೀಷನರೊಬ್ಬನು ಅವರಿದ್ದಲ್ಲಿಗೆ ಹೋಗಿ ಬರೆದುಕೊಳ್ಳಬಹುದು. ವಾಹನದ ಮೂಲಕ ಕರೆತರುವ ಬದಲು ನ್ಯಾಯಾಲಯವೇ ಹೋಗುವ ಈ ಏರ್ಪಾಡು ಒಳ್ಳೆಯದೇ. ಆದರೆ ಅದಕ್ಕೆ ಅರ್ಜಿ ಹಾಕಬೇಕು, ಅಶಕ್ತತೆಯನ್ನು ರುಜುವಾತುಪಡಿಸಬೇಕು, ವೆಚ್ಚವನ್ನು ಕೇಳಿದ ಪಕ್ಷವೇ ಮುಂಗಡವಾಗಿ ಕಟ್ಟಬೇಕು. ಮುಪ್ಪು ಇಲ್ಲಿ ನ್ಯಾಯಾಲಯವು ತಾನಾಗಿ ಗಮನಿಸುವ ಸಂಗತಿಯಾಗಿ ಉಳಿದಿಲ್ಲ.

ಜೀವನಾಂಶದ ಮಾತು ಇನ್ನೂ ವಿಚಿತ್ರ. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ಪ್ರಕರಣದಂತೆ ಮ್ಯಾಜಿಸ್ಟ್ರೇಟರು ಪತ್ನಿಗೂ ಮಕ್ಕಳಿಗೂ ತ್ವರಿತಕ್ರಮದಲ್ಲಿ ಜೀವನಾಂಶವನ್ನು ಕೊಡಿಸಬಹುದಾಗಿತ್ತು. ಅದರಲ್ಲಿ ತಾಯಿತಂದೆಗಳ ಹೆಸರಿಲ್ಲ. ಇಂಗ್ಲೆಂಡಿನವರಿಗೆ ಈ ಕಲ್ಪನೆ ಹೊಸದಾಗಿದ್ದರೆ ಸಮಾಧಾನ ಹೇಳಬಹುದಿತ್ತು. ಆದರೆ ಅಲ್ಲಿಯ 1601ರ ಬಡವರ ಕಾನೂನು ಅಶಕ್ತರಾದ ತಂದೆತಾಯಿಗಳನ್ನು ಸಾಕುವ ಹೊಣೆಯನ್ನು ಮಕ್ಕಳ ಮೇಲೆ ಹೊರಿಸಿತ್ತು. ಆ ಹೊಣೆ 1948ರ ವರೆಗೂ ಬೇರೆಬೇರೆ ರೂಪಗಳಲ್ಲಿ ಉಳಿದಿತ್ತು. ಇಂಗ್ಲೆಂಡಿನಲ್ಲಿ ನಿರ್ಗತಿಕ ವೃದ್ಧನು ಗ್ರಾಮಧರ್ಮನಿಧಿಗೆ ಭಾರವಾಗುತ್ತಿದ್ದುದರಿಂದ ಆ ನಿಧಿಯನ್ನು ಉಳಿಸುವುದಕ್ಕೆ ಮಕ್ಕಳನ್ನು ಹಿಡಿಯುವುದು ಅವಶ್ಯವಾಗಿತ್ತು. ಭಾರತದಲ್ಲಿ ಅಂಥ ನಿಧಿಯನ್ನೇ ಸರ್ಕಾರವು ಇಡಲಿಲ್ಲ. ಭಾರವಿಲ್ಲದೆಡೆ ಚಿಂತೆಯೂ ಇಲ್ಲ. ಅವಿಭಕ್ತ ಕುಟುಂಬವು ಎಲ್ಲವನ್ನೂ ನೋಡಿಕೊಳ್ಳುವುದೆಂಬ ನಂಬಿಕೆ ಇದಕ್ಕೆ ಸೇರಿರಬೇಕೆಂದು ನನ್ನ ಊಹೆ. ಹಿಂದೂ ನ್ಯಾಯದ ಪ್ರಕಾರ ಮಗನು ಪಿತ್ರಾರ್ಜಿತವಿರಲಿ ಇಲ್ಲದಿರಲಿ ವೃದ್ಧ ತಾಯಿತಂದೆಗಳನ್ನು ಸಾಕಲು ಬದ್ಧನೆಂಬುದನ್ನು ನ್ಯಾಯಾಲಯಗಳು ಒಪ್ಪಿದ್ದುವು. ಹಕ್ಕಿತ್ತು, ಹಾದಿಯೆಂದರೆ ವರ್ಷಗಟ್ಟಲೆ ನಡೆಯುವ ಸಿವಿಲ್ ದಾವೆ. ಮೈಸೂರು ಸಂಸ್ಥಾನವು 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯಿಂದ, ಪಾಲುಪಾರಿಕತ್ತಿನ ಕಾಲದಲ್ಲಿ ತಾಯಿಗೂ ಒಂದು ಭಾಗವನ್ನು ಕೊಟ್ಟಿತೆಂಬುದನ್ನು ಇಲ್ಲಿ ಸ್ಮರಿಸಬೇಕು.

ಸ್ವಾತಂತ್ರ್ಯಾನಂತರ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ವೃದ್ಧರೋ ಅಶಕ್ತರೋ ಆದ ತಾಯಿತಂದೆಗಳ ಪೋಷಣೆಯನ್ನು ಮಗನ ಮೇಲಷ್ಟೇ ಅಲ್ಲದೆ ಮಗಳ ಮೇಲೆಯೂ ಹೊರಿಸಿತು. ಹಾದಿ ಮಾತ್ರ ಹಿಂದಿನದೇ. ಹಿಂದೂಗಳಲ್ಲದವರಿಗೆ ಇದು ಅನ್ವಯಿಸಲೂ ಇಲ್ಲ. ಹೊಸ ದಂಡ ಪ್ರಕ್ರಿಯಾ ಸಂಹಿತೆಯ ವಿಧೇಯಕವನ್ನು ಪರಿಶೀಲಿಸಿದ ಸಂಸತ್ತಿನ ಜಂಟಿ ಸಮಿತಿಯು ಈ ಕೊರತೆಯನ್ನು ಕಂಡಿತು. 1973ರಲ್ಲಿ ಅಂಗೀಕೃತವಾಗಿ 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಸಂಹಿತೆಯ 125ನೆಯ ಪ್ರಕರಣದಲ್ಲಿ, ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ತಂದೆತಾಯಿಗಳೂ ಮ್ಯಾಜಿಸ್ಟ್ರೇಟರ ಮುಂದೆ ಬರಬಹುದೆಂದು ವಿಧಿಸಲಾಯಿತು. ತಿಂಗಳಿಗೆ 500 ರೂಪಾಯಿಗಳ ಗರಿಷ್ಠ ಮಿತಿಯಿತ್ತು. ಅದು ಹೋದುದು 2001ರಲ್ಲಿ. ಅದೇ ತಿದ್ದುಪಡಿಯಲ್ಲಿ ಮಧ್ಯಂತರ ಜೀವನಾಂಶದ ಅರ್ಜಿಯನ್ನು ಆದಷ್ಟು ಮಟ್ಟಿಗೆ 60 ದಿನಗಳೊಳಗೆ ತೀರ್ಮಾನಿಸಬೇಕೆಂಬ ನಿಯಮ ಬಂದಿತು. ವಿವಾಹಿತಳಾದ ಮಗಳೂ ಹೊಣೆಗಾರಳೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ, ವೈದ್ಯವೃತ್ತಿಯಲ್ಲಿದ್ದ ಮಗಳೊಬ್ಬಳ ಮೇಲೆ ತಂದೆಯು ತಂದ ಪ್ರಕರಣದಲ್ಲಿ, ನಿರ್ಧರಿಸಿತು.

ಹಕ್ಕು ಹೀಗೆ ಬೆಳೆಯುತ್ತಿರುವಾಗ ಹಾದಿಯಲ್ಲೊಂದು ಮುಳ್ಳು ಉಳಿಯಿತು. ಅರ್ಜಿಯನ್ನು ಯಾವ ಊರಿನಲ್ಲಿ ಹಾಕಬೇಕೆಂಬುದನ್ನು 126ನೆಯ ಪ್ರಕರಣವು ಗೊತ್ತುಮಾಡಿತ್ತು. ಎದುರುಪಕ್ಷದವನು ಇರುವ ಜಿಲ್ಲೆಯಲ್ಲಿ ಹಾಕಬಹುದು. ಇಲ್ಲವೆ ಅವನಾಗಲಿ ಅವನ ಪತ್ನಿಯಾಗಲಿ ವಾಸಿಸುವ ಕಡೆ ಹಾಕಬಹುದು. 1973ರಲ್ಲಿ ತಾಯಿತಂದೆಗಳನ್ನು ಹಕ್ಕುದಾರರ ಪಟ್ಟಿಗೆ ಸೇರಿಸಿದವರು ಈ ಪ್ರಕರಣದಲ್ಲಿ ಅವರ ಊರನ್ನು ಸೇರಿಸಲು ಮರೆತರು. ಫಲವಾಗಿ, ವೃದ್ಧ ತಂದೆಯು ಮಗನಿರುವ ಸ್ಥಳಕ್ಕೇ ಹೋಗಿ ಅರ್ಜಿ ಹಾಕಬೇಕೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಬೇಕಾಯಿತು. ಕಾಯಿದೆಯ ಮಾತು ಹಾಗಿದ್ದಾಗ ನ್ಯಾಯಾಲಯವನ್ನು ದೂಷಿಸಿ ಫಲವಿಲ್ಲ. ಬಿಜಾಪುರದ ಹಳ್ಳಿಯಲ್ಲಿರುವ ತಾಯಿಯು ಮುಂಬಯಿಯಲ್ಲಿರುವ ಮಗನಿಂದ ಅನ್ನ ಬೇಡಲು ಮುಂಬಯಿಯ ನ್ಯಾಯಾಲಯಕ್ಕೆ ಮುದ್ದತಿನಿಂದ ಮುದ್ದತಿಗೆ ಹೋಗಿಬರಬೇಕೆಂದರೆ ಆ ಹಕ್ಕಿಗೆ ಏನರ್ಥ? 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 145ನೆಯ ಪ್ರಕರಣದಲ್ಲಿ, ತಂದೆ ಅಥವಾ ತಾಯಿ ವಾಸಿಸುವ ಸ್ಥಳವೆಂಬ ನಾಲ್ಕೈದು ಪದಗಳು ಸೇರಿದುವು. ಆ ಸಂಹಿತೆ ಜಾರಿಗೆ ಬಂದುದು 2024ರ ಜುಲೈ 1ರಂದು. ನಾಲ್ಕೈದು ಪದಗಳಿಗೆ ಐವತ್ತು ವರ್ಷ ಹಿಡಿಯಿತು.

ವಿಳಂಬವು ಎಲ್ಲ ಕಕ್ಷಿಗಳಿಗೂ ಕಷ್ಟವೇ. ಆದರೆ ಇತರ ವ್ಯಾಜ್ಯಗಳಲ್ಲಿ ಕಕ್ಷಿಯು ಸತ್ತರೆ ವಾರಸುದಾರರು ಅವನ ಸ್ಥಾನದಲ್ಲಿ ನಿಲ್ಲುತ್ತಾರೆ, ವ್ಯಾಜ್ಯ ನಡೆಯುತ್ತದೆ. ಜೀವನಾಂಶದ ಹಕ್ಕು ಕೇಳಿದವರ ಪ್ರಾಣದೊಡನೆಯೇ ಮುಗಿಯುತ್ತದೆ. ಮೇಲಾಗಿ ಸತ್ತ ತಂದೆಯ ವಾರಸುದಾರನು ಅನೇಕವೇಳೆ ಆ ಪ್ರತಿವಾದಿ ಮಗನೇ! ಮುದ್ದತು ಕೇಳುವುದರಿಂದ ಲಾಭ ಯಾರಿಗೆಂಬುದನ್ನು ವಿವರಿಸಬೇಕಾದುದಿಲ್ಲ.

ಈ ಅನುಭವವೇ ಶಾಸನಕರ್ತರನ್ನು ನ್ಯಾಯಾಲಯದಿಂದಲೇ ಹೊರಗೆ ನೋಡುವಂತೆ ಮಾಡಿತು. ಸಿಂಗಪುರವು 1995ರಲ್ಲಿ ತಾಯಿತಂದೆಗಳ ಪೋಷಣೆಗೆಂದೇ ಒಂದು ಕಾಯಿದೆಯನ್ನು ಮಾಡಿ, ವಕೀಲರಿಗೆ ಪ್ರವೇಶವಿಲ್ಲದ ಪ್ರತ್ಯೇಕ ನ್ಯಾಯಮಂಡಳಿಯನ್ನು ಸ್ಥಾಪಿಸಿತ್ತು. ನಮ್ಮಲ್ಲಿ ಹಿಮಾಚಲ ಪ್ರದೇಶವು 2001ರಲ್ಲಿ ಇಂಥದೊಂದು ಕಾಯಿದೆಯನ್ನು ಪಡೆಯಿತು. ಕೇಂದ್ರದ ತಾಯಿತಂದೆಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮ ಬಂದುದು 2007ರಲ್ಲಿ. ಕರ್ನಾಟಕದ ನಿಯಮಗಳು 2009ರಲ್ಲಿ. 60 ವರ್ಷ ತುಂಬಿದವರು ಹಿರಿಯ ನಾಗರಿಕರು. ವಿಚಾರಣೆಯು ಉಪವಿಭಾಗಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ನ್ಯಾಯಮಂಡಳಿಯಲ್ಲಿ. ನಮ್ಮ ರಾಜ್ಯದಲ್ಲಿ ಎಂದರೆ ಅಸಿಸ್ಟೆಂಟ್ ಕಮೀಷನರ ಕಚೇರಿಯಲ್ಲಿ. ಮೇಲ್ಮನವಿ ಜಿಲ್ಲಾಧಿಕಾರಿಗೆ. ಅರ್ಜಿಯನ್ನು ವೃದ್ಧರು ತಾವಿರುವ ಜಿಲ್ಲೆಯಲ್ಲಿಯೇ ಹಾಕಬಹುದು. ನೋಟೀಸು ತಲಪಿದ 90 ದಿನಗಳಲ್ಲಿ ತೀರ್ಮಾನವಾಗಬೇಕು. ವಿಶೇಷ ಕಾರಣವಿದ್ದರೆ ಒಮ್ಮೆ ಮಾತ್ರ 30 ದಿನಗಳನ್ನು ಹೆಚ್ಚಿಸಬಹುದು.

ಈ ಕಾಯಿದೆಯ 5ನೆಯ ಪ್ರಕರಣವನ್ನು ಓದುವಾಗ ಅರ್ಥಶಾಸ್ತ್ರವನ್ನು ಬಲ್ಲವರಿಗೆ ಪರಿಚಿತವಾದ ಧ್ವನಿಯೊಂದು ಕೇಳಿಸದಿರದು. ವೃದ್ಧನು ಅಶಕ್ತನಾಗಿದ್ದರೆ ಅವನು ಅಧಿಕಾರಕೊಟ್ಟ ಬೇರೆ ವ್ಯಕ್ತಿಯೋ ಸಂಸ್ಥೆಯೋ ಅರ್ಜಿ ಹಾಕಬಹುದು. ಅಷ್ಟೇ ಅಲ್ಲ, ನ್ಯಾಯಮಂಡಳಿಯು ತಾನಾಗಿಯೇ ವಿಚಾರಣೆಯನ್ನು ಕೈಗೊಳ್ಳಬಹುದು. ಕೌಟಿಲ್ಯನು ತೆರೆದಿಟ್ಟ ಬಾಗಿಲು ಇದೇ. ಕಾಯಿದೆಯನ್ನು ಬರೆದವರು ಅವನನ್ನು ನೆನೆದಿದ್ದರೆಂದು ಹೇಳಲು ಆಧಾರವಿಲ್ಲ. ಒಂದೇ ಕಷ್ಟವು ಎರಡು ಕಾಲಗಳಲ್ಲಿ ಒಂದೇ ಪರಿಹಾರವನ್ನು ಸೂಚಿಸಿತೆನ್ನುವುದೇ ಯುಕ್ತ. ಒಂದು ವ್ಯತ್ಯಾಸವನ್ನು ಮಾತ್ರ ಗುರುತಿಸಬೇಕು. ಕೌಟಿಲ್ಯನದು ಧರ್ಮಸ್ಥರು ಕೈಗೊಳ್ಳಬೇಕೆಂಬ ವಿಧಿ. 2007ರದು ಕೈಗೊಳ್ಳಬಹುದೆಂಬ ಅನುಮತಿ. ಭೂಕಂದಾಯ, ಚುನಾವಣೆ, ಭೂಸ್ವಾಧೀನ ಇತ್ಯಾದಿ ನೂರು ಕೆಲಸಗಳ ನಡುವೆ ಇರುವ ಅಧಿಕಾರಿಯ ಕೈಯಲ್ಲಿ ಅನುಮತಿಯು ವಿಧಿಯಂತೆ ಕೆಲಸ ಮಾಡುವುದೆಂದು ನಿರೀಕ್ಷಿಸುವುದು ಕಷ್ಟ. ತಿಂಗಳಿಗೆ 10,000 ರೂಪಾಯಿಗಳ ಮಿತಿಯನ್ನು ತೆಗೆಯುವುದೇ ಮೊದಲಾದ ತಿದ್ದುಪಡಿಗಳಿಗಾಗಿ 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿತವಾದ ವಿಧೇಯಕವು ಆ ಲೋಕಸಭೆಯ ಅವಧಿಯೊಡನೆ ಬಿದ್ದುಹೋಯಿತು.

ತ್ವರಿತವಾದ ಹಾದಿಗೆ ತೆರಬೇಕಾದ ಬೆಲೆಯೂ ಉಂಟು. ಕಾಯಿದೆಯ 17ನೆಯ ಪ್ರಕರಣವು ವಕೀಲರನ್ನು ಹೊರಗಿಟ್ಟಿತು. ವೃದ್ಧನ ಪರವಾಗಿ ಜೀವನಾಂಶಾಧಿಕಾರಿಯೆಂಬ ಸರ್ಕಾರಿ ನೌಕರನು ನಿಲ್ಲಬಹುದು. ಈ ನಿಷೇಧವು ವಕೀಲರ ಅಧಿನಿಯಮಕ್ಕೆ ವಿರುದ್ಧವೆಂದು ಕೇರಳದ ಉಚ್ಚ ನ್ಯಾಯಾಲಯವು 2021ರಲ್ಲಿ ತೀರ್ಪಿತ್ತಿತು. ಇದಕ್ಕಿಂತ ಗಂಭೀರವಾದ ಪ್ರಶ್ನೆ ಬೆಂಗಳೂರು ನಗರ ಜಿಲ್ಲೆಯಿಂದ ಹೊರಟು ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋದ ಪ್ರಕರಣದಲ್ಲಿ ಎದ್ದಿತು. ಅತ್ತೆಮಾವಂದಿರು ಈ ಕಾಯಿದೆಯ ಮೂಲಕ ಸೊಸೆಯನ್ನು ಮನೆಯಿಂದ ಹೊರಡಿಸುವ ಆಜ್ಞೆಯನ್ನು ಪಡೆದಿದ್ದರು. 2020ರ ಡಿಸೆಂಬರಿನ ತೀರ್ಪಿನಲ್ಲಿ ನ್ಯಾಯಾಲಯವು, ವೃದ್ಧರ ರಕ್ಷಣೆಗೆ ಅವಶ್ಯವಾದರೆ ಒಕ್ಕಲೆಬ್ಬಿಸುವ ಅಧಿಕಾರ ನ್ಯಾಯಮಂಡಳಿಗೆ ಉಂಟೆಂದು ಒಪ್ಪಿತು. ಆದರೆ 2005ರ ಕೌಟುಂಬಿಕ ಹಿಂಸೆಯ ವಿರುದ್ಧದ ಕಾಯಿದೆಯು ಸ್ತ್ರೀಗೆ ಕೊಟ್ಟ ವಾಸದ ಹಕ್ಕನ್ನು ಈ ತ್ವರಿತ ಮಾರ್ಗದಿಂದ ಅಳಿಸಲಾಗದೆಂದು ಹೇಳಿ, ಆ ಆಜ್ಞೆಯನ್ನು ರದ್ದುಮಾಡಿತು. ದುರ್ಬಲನೊಬ್ಬನಿಗಾಗಿ ಅಗಲಿಸಿದ ಹಾದಿ ಮತ್ತೊಬ್ಬ ದುರ್ಬಲಳ ಮನೆಯ ಮೇಲೆ ಹಾದುಹೋಗಬಾರದಷ್ಟೆ. ಹೀಗೆ ಸಾಧಕಬಾಧಕಗಳನ್ನು ತೂಗುವ ಕೆಲಸ 90 ದಿನಗಳಲ್ಲಿ ಆಡಳಿತಾಧಿಕಾರಿಯಿಂದ ಆಗುವಂಥದೆ ಎಂಬ ಸಂದೇಹಕ್ಕೆ ಎಡೆಯುಂಟು.

ದಾನದ ವಿಷಯದಲ್ಲಿ 23ನೆಯ ಪ್ರಕರಣವು ಯಾಜ್ಞವಲ್ಕ್ಯನ ವಿಧಿಗೆ ಸಮೀಪವಾಗಿ ಬರುತ್ತದೆ. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ವೃದ್ಧನು ಸ್ವತ್ತನ್ನು ಕೊಟ್ಟು, ಪಡೆದವನು ಆ ಷರತ್ತಿಗೆ ತಪ್ಪಿದರೆ, ಆ ವರ್ಗಾವಣೆಯನ್ನು ಅಸಿಂಧುವೆಂದು ನ್ಯಾಯಮಂಡಳಿಯು ಸಾರಬಹುದು. ಮಗನಿಗೆ ಮನೆ ಬರೆದುಕೊಡುವ ತಾಯಿ ಪತ್ರದಲ್ಲಿ ಷರತ್ತನ್ನು ಬರೆಸುವಳೆ? ಅಂಥ ಷರತ್ತು ಇತ್ತೆಂಬುದು ಸ್ಥಾಪಿತವಾಗಲೇಬೇಕೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. 2025ರ ಜನವರಿಯ ಮತ್ತೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯವು, ವೃದ್ಧರ ಹಿತಕ್ಕಾಗಿ ಮಾಡಿದ ಈ ಕಾಯಿದೆಯನ್ನು ಉದಾರವಾಗಿ ಅರ್ಥಮಾಡಬೇಕೆಂದೂ, ಸ್ವತ್ತಿನ ಸ್ವಾಧೀನವನ್ನು ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗೆ ಇದೆಯೆಂದೂ ನಿರ್ಧರಿಸಿತು. ಸ್ವತ್ತಿನ ವರ್ಗಾವಣೆಯು ಪೋಷಣೆಗೆ ಅಧೀನವೆಂಬ ಮಿತಾಕ್ಷರದ ನಿಲುವಿಗೂ, ಬರೆದುಕೊಟ್ಟುದು ಮುಗಿದುದೆಂಬ 1882ರ ನಿಲುವಿಗೂ ನಡುವೆ ನಮ್ಮ ನ್ಯಾಯ ಇಂದಿಗೂ ತೂಗಾಡುತ್ತಿದೆ.

ವಯಸ್ಸಿನ ಅಂಕೆಗಳಲ್ಲಿ ಇನ್ನೂ ಸಾಮರಸ್ಯ ಬಂದಿಲ್ಲ. ತನಿಖೆಗಾಗಿ ಪೊಲೀಸ್ ಠಾಣೆಗೆ ಕರೆಸಬಾರದ ಸಾಕ್ಷಿಗಳಲ್ಲಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯು 65 ವರ್ಷ ಮೀರಿದ ಪುರುಷರನ್ನು ಸೇರಿಸಿತ್ತು. 2023ರ ಸಂಹಿತೆ ಅದನ್ನು 60ಕ್ಕೆ ಇಳಿಸಿತು. ಆದುದರಿಂದ ಅರುವತ್ತೊಂದು ವರ್ಷದ ಸಾಕ್ಷಿಯ ಮನೆಗೆ ಪೊಲೀಸರು ಹೋಗಬೇಕು. ಅವನೇ ಮುಂದೆ ಎಪ್ಪತ್ತೈದರಲ್ಲಿ, ಅದೇ ಪ್ರಕರಣದಲ್ಲಿ ಸಾಕ್ಷಿ ನುಡಿಯಲು, ನ್ಯಾಯಾಲಯದ ಮೆಟ್ಟಿಲುಗಳನ್ನು ಹತ್ತಬೇಕು. ದೃಶ್ಯಸಂಪರ್ಕದ ಮೂಲಕ ಸಾಕ್ಷ್ಯವನ್ನು ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿಯೇ ಒಪ್ಪಿದೆ. ಕಣ್ಣು ಕಿವಿಗಳು ಮಂದವಾದವರಿಗೆ ಅದು ಎಷ್ಟರಮಟ್ಟಿಗೆ ವಾಹನವಾದೀತೆಂಬುದನ್ನು ನೋಡಬೇಕು.

2007ರ ಕಾಯಿದೆಯ ಕಾಲಮಿತಿ ಎಣಿಕೆಯಾಗುವುದು ನೋಟೀಸು ತಲಪಿದ ದಿನದಿಂದ, ಅರ್ಜಿ ಹಾಕಿದ ದಿನದಿಂದಲ್ಲ. ನೋಟೀಸನ್ನು ತಪ್ಪಿಸಿಕೊಂಡು ತಿರುಗುವ ಮಗನಿಗೆ ಈ ಎಣಿಕೆ ಆರಂಭವಾಗುವುದೇ ಇಲ್ಲ. ಆದುದರಿಂದ ಕಾಯಿದೆಯ ಪುಸ್ತಕವನ್ನಷ್ಟೇ ಓದಿ ಹಾದಿಯ ಚರಿತ್ರೆಯನ್ನು ಪೂರ್ಣಗೊಳಿಸುವಂತಿಲ್ಲ. ಉಪವಿಭಾಗಾಧಿಕಾರಿಗಳ ಕಚೇರಿಗಳಲ್ಲಿ 2009ರಿಂದ ಈಚೆಗೆ ಸಂಗ್ರಹವಾಗಿರುವ ಕಡತಗಳೇ ಇದಕ್ಕೆ ಮೂಲ ಆಕರಗಳು. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ಒಂದೇ ಉಪವಿಭಾಗವನ್ನು ಆರಿಸಿಕೊಂಡು, ಪ್ರತಿಯೊಂದು ಕಡತದಿಂದಲೂ ಮೂರು ದಿನಾಂಕಗಳನ್ನು ಬರೆದುಕೊಳ್ಳಬಹುದು: ಅರ್ಜಿ ಬಂದುದು ಎಂದು, ನೋಟೀಸು ತಲಪಿದುದು ಎಂದು, ಮೊದಲ ತಿಂಗಳ ಹಣ ವೃದ್ಧರ ಕೈಸೇರಿದುದು ಎಂದು. ಅರ್ಜಿದಾರರು ಮೃತರಾದುದರಿಂದ ಮುಕ್ತಾಯವಾದ ಕಡತಗಳನ್ನು ಬೇರೆಯಾಗಿ ಎಣಿಸಬೇಕು.